ಆರ್. ನರಸಿಂಹಾಚಾರ್, ಕವಿಚರಿತೆ, ಮತ್ತು ಕವಿಯ ಕಾಲ ಕಟ್ಟುವ ಲೆಕ್ಕ

ಕನ್ನಡ ಎಂ.ಎ., ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ಕೆಸೆಟ್, ನೆಟ್ ಯಾವುದಕ್ಕೆ ಓದಿದರೂ ಆರ್. ನರಸಿಂಹಾಚಾರ್ ಅವರ ‘ಕರ್ನಾಟಕ ಕವಿಚರಿತೆ’ ಎದುರಾಗದೆ ಇರುವುದಿಲ್ಲ; ಹಳೆಯ ಕನ್ನಡ ಕವಿಗಳ ಕಾಲ, ಕೃತಿ ಹೇಳುವ ಗ್ರಂಥ ಅದು. ಮೂರು ಸಂಪುಟ, ಮೂರು ಇಸವಿ, ಲೇಖಕರ ಹೆಸರು ಎಂದು ಉರು ಹೊಡೆದು ಮುಂದೆ ಹೋಗಬಹುದು. ಆದರೆ ಕವಿಯ ಹೆಸರಿನ ಪಕ್ಕದಲ್ಲಿ ‘ಸು. 1145’ (ಸುಮಾರು 1145) ಎಂದು ಕಂಡಾಗ ಆ ಅಂಕಿ ಎಲ್ಲಿಂದ ಬಂತು ಎಂದು ಹೇಳಲು ಬರದಿದ್ದರೆ ಆ ಉರು ಅರ್ಧ ಉತ್ತರಕ್ಕೂ ಸಾಲದು. ಅದಕ್ಕೇ ಈ ಟಿಪ್ಪಣಿಯಲ್ಲಿ ಜೀವನಕ್ಕಿಂತ ಲೆಕ್ಕಕ್ಕೆ ಜಾಗ ಹೆಚ್ಚು.

ಜೀವನ, ಬೇಗ ಬೇಗ

ನರಸಿಂಹಾಚಾರ್ ಹುಟ್ಟಿದ್ದು 1860ರ ಏಪ್ರಿಲ್ 9, ಮಂಡ್ಯದ ಹತ್ತಿರದ ಕೊಪ್ಪಲಿನಲ್ಲಿ. ಆಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ ಇವರನ್ನು ಮೈಸೂರು ಜಿಲ್ಲೆಯವರೆಂದು ಬರೆದಿದ್ದರೆ ಅದೂ ಸರಿಯೇ. ತೀರಿಕೊಂಡದ್ದು 1936ರ ಡಿಸೆಂಬರ್ 6.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಶುರುವಾದದ್ದು 1885ರಲ್ಲಿ, ಬಿ.ಎಲ್. ರೈಸ್ ಅವರ ಕೈಯಲ್ಲಿ. ನರಸಿಂಹಾಚಾರ್ 1899ರಲ್ಲಿ ರೈಸ್ ಅವರಿಗೆ ಸಹಾಯಕರಾಗಿ ಸೇರಿದರು. 1906ರಲ್ಲಿ ರೈಸ್ ನಿವೃತ್ತರಾದಾಗ ಇಲಾಖೆಯ ಹೊಣೆ ಇವರಿಗೆ ಬಂತು, 1922ರವರೆಗೆ ನಡೆಸಿದರು. ಇವರ ನಂತರ ಬಂದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿ. ರೈಸ್, ನರಸಿಂಹಾಚಾರ್, ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ: ಈ ನಾಲ್ಕು ಹೆಸರನ್ನು ಇದೇ ಕ್ರಮದಲ್ಲಿ ನೆನಪಿಟ್ಟರೆ ಸಾಕು, ಹೊಂದಿಸಿ ಬರೆಯುವ ಪ್ರಶ್ನೆ ಮುಗಿಯಿತು.

ಇವರು ಅಧ್ಯಕ್ಷರಾದ ಕನ್ನಡ ಸಾಹಿತ್ಯ ಸಮ್ಮೇಳನ: ನಾಲ್ಕನೆಯದು, 1918, ಧಾರವಾಡ. ಮೊದಲ ಮೂರಕ್ಕೂ ಎಚ್.ವಿ. ನಂಜುಂಡಯ್ಯನವರೇ ಅಧ್ಯಕ್ಷರಾಗಿದ್ದರಿಂದ, ಸಮ್ಮೇಳನದ ಎರಡನೆಯ ಅಧ್ಯಕ್ಷರು ಯಾರು ಎಂದು ಸುತ್ತಿ ಬಳಸಿ ಕೇಳಿದರೆ ಉತ್ತರ ಇವರೇ. ಬಿರುದು: ಪ್ರಾಕ್ತನ ವಿಮರ್ಶ ವಿಚಕ್ಷಣ.

ಹೆಸರಿನ ಗೊಂದಲ ಒಂದಿದೆ. ‘ನರಸಿಂಹಾಚಾರ್’ ಎಂದು ಬರೀ ಅಷ್ಟೇ ಬರೆದರೆ ನಾಲ್ವರು ಎದ್ದು ನಿಲ್ಲುತ್ತಾರೆ. ಕವಿಚರಿತೆಯವರು ಆರ್. (ಕೆಲವರು ‘ರಾ.’ ಎಂದೂ ಬರೆಯುತ್ತಾರೆ, ಗ್ರಂಥಾಲಯದ ಪಟ್ಟಿಯಲ್ಲಿ ಎರಡನ್ನೂ ಹುಡುಕಿ). ಮೊದಲ ಸಂಪುಟಕ್ಕೆ ಕೈಜೋಡಿಸಿದವರು ಎಸ್.ಜಿ. ನರಸಿಂಹಾಚಾರ್, ಅದು ಅಚ್ಚಾದ ವರ್ಷವೇ ತೀರಿಕೊಂಡರು. ವಡ್ಡಾರಾಧನೆಯನ್ನು ಸಂಪಾದಿಸಿದವರು ಡಿ.ಎಲ್. (1906–1971). ಮೇಲುಕೋಟೆಯ ಕವಿ ಪು.ತಿ. (1905–1998). ಮಂಡ್ಯದ ಕಡೆಯವರು ಎಂಬ ಸುಳಿವಷ್ಟೇ ಹಿಡಿದು ಹೊರಟರೆ ಪು.ತಿ.ನ. ಮತ್ತು ಆರ್. ಅದಲು ಬದಲಾಗುವುದು ಸುಲಭ.

ಕೃತಿಗಳ ಸಾಲು

1903ರಲ್ಲಿ ನಾಗವರ್ಮನ ಕಾವ್ಯಾವಲೋಕನದ ಸಂಪಾದನೆ. 1907ರಲ್ಲಿ ಕವಿಚರಿತೆಯ ಮೊದಲ ಸಂಪುಟ, 1919ರಲ್ಲಿ ಎರಡನೆಯದು, 1929ರಲ್ಲಿ ಮೂರನೆಯದು. ನಡುವೆ 1924ರಲ್ಲಿ ಮೊದಲ ಸಂಪುಟವನ್ನೇ ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ಉದ್ಧರಿಸುವಾಗ 1907ರದೋ 1924ರದೋ ಎಂದು ಹೇಳಲೇಬೇಕು, ಏಕೆಂದರೆ ಅಷ್ಟರಲ್ಲಿ ಹೊಸ ಶಾಸನ, ಹೊಸ ಓಲೆಪ್ರತಿ ಸೇರಿದ್ದವು.

ದೇವಾಲಯಗಳ ಮೇಲೆ ಇಂಗ್ಲಿಷಿನಲ್ಲಿ ಮೂರು ಸಣ್ಣ ಪುಸ್ತಕ: ಸೋಮನಾಥಪುರ (1917), ಬೇಲೂರು (1919), ದೊಡ್ಡಗದ್ದವಳ್ಳಿ (1919). 1923ರಲ್ಲಿ ಶಾಸನ ಪದ್ಯಮಂಜರಿ. ಅದೇ ವರ್ಷ ಶ್ರವಣಬೆಳಗೊಳದ ಶಾಸನ ಸಂಪುಟದ ಪರಿಷ್ಕೃತ ಆವೃತ್ತಿ. ಈ ಕೊನೆಯದರ ಅಂಕಿ ನೆನಪಿಡಿ: ರೈಸ್ 1889ರಲ್ಲಿ ಕೊಟ್ಟದ್ದು 144 ಶಾಸನ, ನರಸಿಂಹಾಚಾರ್ ಕೊಟ್ಟದ್ದು 500. ಅದೇ ಬೆಟ್ಟ, ಅದೇ ಊರು! ಇಲಾಖೆಯ ಯಜಮಾನರಾಗಿ ಕೂತು ಸಹಿ ಹಾಕುತ್ತಿದ್ದವರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕನ್ನಡ ಸಾಹಿತ್ಯ ಚರಿತ್ರೆಯ ಮೇಲೆ ಇವರು ಕೊಟ್ಟ ಇಂಗ್ಲಿಷ್ ಉಪನ್ಯಾಸಗಳನ್ನು ಮೈಸೂರು ವಿಶ್ವವಿದ್ಯಾನಿಲಯ 1940ರಲ್ಲಿ ಅಚ್ಚು ಮಾಡಿತು, ಆಗ ಅವರಿರಲಿಲ್ಲ.

ಕವಿಗಳ ಚರಿತ್ರೆ ಬರೆಯುವುದು ಇವರಿಂದಲೇ ಶುರುವಾಯಿತು ಎಂದು ಬರೆಯಬೇಡಿ. ಕಿಟೆಲ್ 1875ರಲ್ಲಿ ನಾಗವರ್ಮನ ಛಂದಸ್ಸನ್ನು ಅಚ್ಚು ಹಾಕಿಸಿದಾಗಲೂ ರೈಸ್ 1884ರಲ್ಲಿ ಭಾಷಾಭೂಷಣವನ್ನು ಹೊರತಂದಾಗಲೂ ಮುನ್ನುಡಿಯಲ್ಲಿ ಕನ್ನಡ ಸಾಹಿತ್ಯದ ನಕ್ಷೆ ಕೊಟ್ಟಿದ್ದರು. ಕವಿ ಕವಿಗೂ ಒಂದೊಂದು ನಮೂದು ಮಾಡಿ, ಕಾಲ, ಮತ, ಆಶ್ರಯದಾತ, ಗುರು, ಕೃತಿ, ಮಾದರಿ ಪದ್ಯ ಎಂದು ಒಂದೇ ಅಚ್ಚಿನಲ್ಲಿ ಕೂರಿಸಿದ್ದು ಕವಿಚರಿತೆಯ ಹೊಸತನ. ಅದನ್ನು ಕನ್ನಡದಲ್ಲೇ ಮಾಡಿದರು ಎಂಬುದನ್ನೂ ಸೇರಿಸಿ.

ಕವಿಯ ಕಾಲ: ಮೂರು ಬಗೆಯ ಆಧಾರ

ಒಂದು, ಕವಿಯೇ ವರ್ಷ ಹೇಳಿರುತ್ತಾನೆ. ಎರಡು, ರಾಜನ ಹೆಸರನ್ನೋ ಬಿರುದನ್ನೋ ಹೇಳಿರುತ್ತಾನೆ, ರಾಜನ ಕಾಲ ಶಾಸನದಿಂದ ಗೊತ್ತಿರುತ್ತದೆ. ಮೂರು, ಎರಡೂ ಇಲ್ಲದಿದ್ದರೆ ಅವನು ಹೊಗಳುವ ಹಿಂದಿನ ಕವಿ ಒಂದು ಎಲ್ಲೆ, ಅವನನ್ನು ಹೆಸರಿಸುವ ಅಥವಾ ಅವನ ಪದ್ಯ ಎತ್ತಿಕೊಳ್ಳುವ ಮುಂದಿನ ಕವಿ ಇನ್ನೊಂದು ಎಲ್ಲೆ.

ಮೂರನೆಯದಕ್ಕೆ ಕೇಶಿರಾಜ ಒಳ್ಳೆಯ ಮಾದರಿ. ಅವನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ಇಸವಿ ಇಲ್ಲ. ಆದರೆ ತಾನು ಮಲ್ಲಿಕಾರ್ಜುನನ ಮಗ, ಸುಮನೋಬಾಣನ ಮಗಳ ಮಗ, ಜನ್ನನ ಸೋದರಳಿಯ ಎಂದು ನೆಂಟಸ್ತಿಕೆ ಹೇಳಿಕೊಂಡಿದ್ದಾನೆ. ಜನ್ನನ ಕೃತಿಗಳಿಗೆ ಇಸವಿ ಇದೆ. ಮಲ್ಲಿಕಾರ್ಜುನ ಹೊಯ್ಸಳ ಸೋಮೇಶ್ವರನ ಕಾಲದವನು. ಅಲ್ಲಿಂದ ಒಂದು ತಲೆಮಾರು ಇಳಿದರೆ ಸು. 1260.

ಎಡವುವ ಜಾಗ: ಶಕವರ್ಷದಿಂದ ಇಸವಿಗೆ

‘ಶಕಕ್ಕೆ 78 ಸೇರಿಸಿ’ ಎಂದು ಎಲ್ಲ ಗೈಡುಗಳೂ ಹೇಳುತ್ತವೆ. ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಎರಡು ತೊಡಕಿವೆ.

ಮೊದಲನೆಯದು ತಿಂಗಳು. ಶಕವರ್ಷ ಶುರುವಾಗುವುದು ಯುಗಾದಿಗೆ, ಇಸವಿ ಬದಲಾಗುವುದು ಜನವರಿಗೆ. ಚೈತ್ರದಿಂದ ಮಾರ್ಗಶಿರದವರೆಗೆ 78. ಪುಷ್ಯದ ಹೊತ್ತಿಗೆ ಇಸವಿ ಬದಲಾಗುತ್ತದೆ, ಮಾಘ–ಫಾಲ್ಗುಣಕ್ಕೆ ನಿಸ್ಸಂದೇಹವಾಗಿ 79. ಪುಷ್ಯ ಮಾತ್ರ ಡಿಸೆಂಬರಿನಲ್ಲೂ ಜನವರಿಯಲ್ಲೂ ಕಾಲಿಟ್ಟಿರುತ್ತದೆ, ತಿಥಿ ನೋಡದೆ ಹೇಳಬಾರದು.

ಎರಡನೆಯದು ಗತವೋ ವರ್ತಮಾನವೋ ಎಂಬುದು. ಮಗುವಿಗೆ ‘ಐದು ತುಂಬಿದೆ’ ಎನ್ನುವವರೂ ಉಂಟು, ಅದೇ ಮಗುವಿಗೆ ‘ಆರು ನಡೆಯುತ್ತಿದೆ’ ಎನ್ನುವವರೂ ಉಂಟು; ಶಕವರ್ಷವನ್ನೂ ಹೀಗೆ ಎರಡು ಬಗೆಯಲ್ಲಿ ಎಣಿಸುತ್ತಿದ್ದರು. 78ರ ಸೂತ್ರ ತುಂಬಿದ ವರ್ಷಕ್ಕೆ, ಅಂದರೆ ಗತಕ್ಕೆ. ನಡೆಯುತ್ತಿರುವ ವರ್ಷವನ್ನು ಬರೆದಿದ್ದರೆ ಮೊದಲು ಒಂದು ಕಳೆಯಬೇಕು. ಯಾವ ಬಗೆ ಎಂದು ಕವಿ ಬಾಯಿಬಿಟ್ಟು ಹೇಳುವುದು ಅಪರೂಪ. ಅದನ್ನು ಹಿಡಿದುಕೊಡುವುದು ಸಂವತ್ಸರದ ಹೆಸರು.

ಸೂತ್ರ: ಗತ ಶಕಕ್ಕೆ 12 ಸೇರಿಸಿ, 60ರಿಂದ ಭಾಗಿಸಿ. ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಪ್ರಭವ 1, ಅಕ್ಷಯ 60. ಶೇಷ ಸೊನ್ನೆ ಬಂದರೆ ಅಕ್ಷಯ ಎಂದು ಓದಿ.

ಪಂಪ, ಆದಿಪುರಾಣ: ಶಕ 863, ಪ್ಲವ. 863 + 12 = 875. 60ರಿಂದ ಭಾಗಿಸಿದರೆ ಶೇಷ 35. ಮೂವತ್ತೈದನೆಯದು ಪ್ಲವವೇ. ಅಂಕಿಯೂ ಹೆಸರೂ ಕೂಡಿಬಂದವು, ಆದ್ದರಿಂದ ಗತವರ್ಷ. 863 + 78 = 941. ಮುಗಿಯಿತು.

ಚಾವುಂಡರಾಯ ಪುರಾಣ: ಶಕ 900, ಈಶ್ವರ, ಫಾಲ್ಗುಣ ಶುದ್ಧ ಅಷ್ಟಮಿ, ಸೋಮವಾರ. 900 + 12 = 912, ಶೇಷ 12. ಹನ್ನೆರಡನೆಯದು ಬಹುಧಾನ್ಯ. ಈಶ್ವರ ಹನ್ನೊಂದನೆಯದು. ಒಂದು ಹೆಚ್ಚಾಯಿತು, ಅಂದರೆ ಕವಿ ಬರೆದಿರುವುದು ನಡೆಯುತ್ತಿದ್ದ ವರ್ಷ. ತುಂಬಿದ್ದು 899. ತಿಂಗಳು ಫಾಲ್ಗುಣ, ಆದ್ದರಿಂದ 79 ಸೇರಿಸಬೇಕು: 978. ದಿನ ಫೆಬ್ರವರಿ 18, ಅಂದು ಸೋಮವಾರವೇ ಬರುತ್ತದೆ.

ಇಲ್ಲಿನ ತಮಾಷೆ ನೋಡಿ. ಏನನ್ನೂ ಯೋಚಿಸದೆ 900 + 78 ಮಾಡಿದವನಿಗೂ 978 ಬರುತ್ತದೆ. ಒಂದು ಕಳೆಯಬೇಕಿತ್ತು, ಒಂದು ಕೂಡಬೇಕಿತ್ತು. ಎರಡನ್ನೂ ಬಿಟ್ಟಿದ್ದಕ್ಕೆ ತಪ್ಪಿಗೆ ತಪ್ಪು ವಜಾ ಆಯಿತು. ಅರ್ಧ ಮಾತ್ರ ಗೊತ್ತಿದ್ದು ‘ಫಾಲ್ಗುಣವಲ್ಲವೇ, 79’ ಎಂದವನಿಗೆ 979 ಬಂದು ಅವನೇ ಕೆಡುತ್ತಾನೆ. ಹಾಗಾಗಿ ಕ್ರಮ ಬದಲಿಸಬೇಡಿ: ಮೊದಲು ಸಂವತ್ಸರ, ಆಮೇಲೆ ಗತ–ವರ್ತಮಾನ, ಕೊನೆಗೆ ತಿಂಗಳು.

ಶಕದ ಅಂಕಿಯೇ ಇಲ್ಲದೆ ಸಂವತ್ಸರ ಮಾತ್ರ ಇದ್ದರೆ? ಪಂಪ ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದವನು ಎನ್ನುತ್ತಾನೆ, ಅಷ್ಟೇ. ದುಂದುಭಿ 56ನೆಯದು, ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 842, 902, 962. ಆದಿಪುರಾಣ 941ರದಾದ್ದರಿಂದ 962 ಬಿಟ್ಟುಹೋಯಿತು. 842 ಎಂದರೆ ತೊಂಬತ್ತೊಂಬತ್ತರ ಮುದುಕ ಬರೆದಂತಾಯಿತು. ಉಳಿದದ್ದು 902.

ಇಸವಿಯಿಂದ ನೇರವಾಗಿ ಸಂವತ್ಸರಕ್ಕೆ ಹೋಗಲು ಇನ್ನೂ ಚಿಕ್ಕ ದಾರಿ: ಇಸವಿಯಿಂದ 6 ಕಳೆದು 60ರಿಂದ ಭಾಗಿಸಿ. 941 – 6 = 935, ಶೇಷ 35, ಪ್ಲವ. 1987 – 6 = 1981, ಶೇಷ 1, ಪ್ರಭವ. ಯುಗಾದಿಯ ನಂತರದ ತಿಂಗಳುಗಳಿಗೆ ಇದು ಸರಿ, ಯುಗಾದಿಗೆ ಮುಂಚೆಯಾದರೆ 7 ಕಳೆಯಿರಿ. ಮನೆಯ ಪಂಚಾಂಗದ ಮೇಲೆ ಹಾಕಿ ನೋಡಿದರೆ ನಂಬಿಕೆ ಬರುತ್ತದೆ. ಒಂದು ಎಚ್ಚರ: ಒಂಬತ್ತನೆಯ ಶತಮಾನ ಮತ್ತು ಅದಕ್ಕೆ ಹಿಂದಿನ ಶಾಸನಗಳಿಗೆ ಈ ಸೂತ್ರವನ್ನು ಕಣ್ಣುಮುಚ್ಚಿ ಹಾಕಬೇಡಿ. ಆಗ ಗುರುವಿನ ಚಲನೆಯ ಮೇಲೆ ಎಣಿಸುವ ಬಾರ್ಹಸ್ಪತ್ಯ ಪದ್ಧತಿಯೂ ಬಳಕೆಯಲ್ಲಿತ್ತು, ಹೆಸರು ಆಚೀಚೆ ಜಾರುತ್ತದೆ.

ಬಿರುದಿನ ಬಲೆ: ಜಗದೇಕಮಲ್ಲ

‘ಸು.’ ಎಷ್ಟು ಸಡಿಲ ಎಂಬುದು ಗೊತ್ತಾಗಬೇಕಾದರೆ ಎರಡನೆಯ ನಾಗವರ್ಮನ ನಮೂದು ಓದಬೇಕು (ಕಾವ್ಯಾವಲೋಕನ, ಭಾಷಾಭೂಷಣ, ವಸ್ತುಕೋಶ ಇವನವು. ಛಂದೋಂಬುಧಿ, ಕರ್ಣಾಟಕ ಕಾದಂಬರಿ ಮೊದಲನೆಯವನವು). ಇವನು ಜಗದೇಕಮಲ್ಲನ ಆಸ್ಥಾನದಲ್ಲಿ ಕಟಕೋಪಾಧ್ಯಾಯ, ಅಂದರೆ ಸೇನಾಶಿಬಿರದ ಉಪಾಧ್ಯಾಯನಾಗಿದ್ದವನು. ಕಲ್ಯಾಣ ಚಾಲುಕ್ಯರಲ್ಲಿ ಈ ಬಿರುದಿನವರು ಇಬ್ಬರು: 1015ರಿಂದ 1042ರ ಸುಮಾರಿನವರೆಗೆ ಆಳಿದ ಎರಡನೆಯ ಜಯಸಿಂಹ ಒಬ್ಬ, 1138ರಿಂದ ಹನ್ನೆರಡು ಹದಿಮೂರು ವರ್ಷ ಆಳಿದ ಎರಡನೆಯ ಜಗದೇಕಮಲ್ಲ ಇನ್ನೊಬ್ಬ. ನರಸಿಂಹಾಚಾರ್ ಎರಡನೆಯವನನ್ನು ಹಿಡಿದರು, ಕವಿ ಹನ್ನೆರಡನೆಯ ಶತಮಾನದ ನಡುವಿಗೆ ಬಂದ. ಸು. 1145 ಎಂಬುದು ಆ ಆಳ್ವಿಕೆಯ ಹೆಚ್ಚುಕಡಿಮೆ ಮಧ್ಯಬಿಂದು ಎಂಬುದನ್ನು ಗಮನಿಸಿ. ಮುಂದೆ 1042ರ ವರ್ಧಮಾನ ಪುರಾಣ ಬೆಳಕಿಗೆ ಬಂದ ಮೇಲೆ, ಅದರ ಕರ್ತೃ ಇವನೇ ಎಂದು ಒಪ್ಪಿದವರು ಇವನನ್ನು ಜಯಸಿಂಹನ ಕಾಲಕ್ಕೆ ಒಯ್ದರು. ಒಂದು ಬಿರುದಿನಿಂದ ನೂರು ವರ್ಷದ ಅಂತರ! ಪರೀಕ್ಷೆಯಲ್ಲಿ ಎರಡನ್ನೂ ಬರೆದು, ಯಾವುದು ಯಾರ ಅಭಿಪ್ರಾಯ ಎಂದು ಹೇಳಿ. ಬರೀ ಒಂದು ಇಸವಿ ಬರೆದರೆ ಮೌಲ್ಯಮಾಪಕರು ಓದಿದ ಪುಸ್ತಕ ಯಾವುದೋ ಅದರ ಮೇಲೆ ಅಂಕ ನಿಲ್ಲುತ್ತದೆ.

ಪಂಚತಂತ್ರದ ದುರ್ಗಸಿಂಹನದೂ ಇದೇ ಬಿರುದಿನ ರಾಜ. ಈಗ ಒಪ್ಪಿರುವ ಕಾಲ 1031, ಪ್ರಜೋತ್ಪತ್ತಿ ಸಂವತ್ಸರ (1031 – 6 = 1025, ಶೇಷ 5, ಸರಿ). ಆದರೆ ಎರಡು ಆವರ್ತ ಮುಂದೆ ಹೋದರೆ 1151ಕ್ಕೂ ಪ್ರಜೋತ್ಪತ್ತಿಯೇ ಬರುತ್ತದೆ, ಅದು ಎರಡನೆಯ ಜಗದೇಕಮಲ್ಲನ ಆಳ್ವಿಕೆಯ ಕೊನೆಯಂಚು. ಬಿರುದೂ ಸಂವತ್ಸರವೂ ಎರಡೂ ಕೈಕೊಡಬಹುದಾದ ಇಂಥ ಕಡೆ ತಿಥಿ–ವಾರದ ಹೊಂದಿಕೆ, ಕವಿ ಹೇಳುವ ಗುರು–ಹಿರಿಯರ ಕಾಲ, ಇವನ್ನೆಲ್ಲ ತೂಗಿ ನೋಡದೆ ಬೇರೆ ದಾರಿಯಿಲ್ಲ.

ಶಾಸನದ ಸಂಖ್ಯೆ ಹುಡುಕುವಾಗ

ಕವಿಚರಿತೆಯ ನಮೂದಿನಲ್ಲಿ ಶಾಸನವನ್ನು ತಾಲ್ಲೂಕಿನ ಹೆಸರು, ಸಂಖ್ಯೆಗಳಿಂದ ಸೂಚಿಸಿದ್ದರೆ ಅದು ರೈಸ್ ಅವರ ಶಾಸನ ಸಂಪುಟಮಾಲೆಯಾದ ಹಳೆಯ ಎಪಿಗ್ರಾಫಿಯ ಕರ್ನಾಟಿಕದ ಸಂಖ್ಯೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಹೊಸ ಆವೃತ್ತಿಯಲ್ಲಿ ಸಂಪುಟವೂ ಬೇರೆ, ಸಂಖ್ಯೆಯೂ ಬೇರೆ. ನಮ್ಮ ಮಂಡ್ಯ–ಮೈಸೂರು ಕಡೆಯ ತಾಲ್ಲೂಕುಗಳಿಗೆ ಹೀಗೆ: ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ ಹಳೆಯದರಲ್ಲಿ ಮೂರನೆಯ ಸಂಪುಟ (1894), ನಾಗಮಂಗಲ, ಕೃಷ್ಣರಾಜಪೇಟೆ ನಾಲ್ಕನೆಯದು (1898). ಹೊಸದರಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಆರನೆಯ ಸಂಪುಟ, ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ಏಳನೆಯದು, ಮೈಸೂರು, ತಿ. ನರಸೀಪುರ ಐದನೆಯದು. ಶ್ರವಣಬೆಳಗೊಳ ಮಾತ್ರ ಮೂರು ಆವೃತ್ತಿಯಲ್ಲೂ ಎರಡನೆಯ ಸಂಪುಟವೇ, ಆದರೆ 1889, 1923, 1973 ಮೂರರಲ್ಲೂ ಸಂಖ್ಯೆ ಬೇರೆ ಬೇರೆ. ಇಸವಿ ಬರೆಯದೆ ‘ಶ್ರ.ಬೆ. 64’ ಎಂದಷ್ಟೇ ಗುರುತು ಹಾಕಿಕೊಂಡರೆ ಆಮೇಲೆ ಮೂರು ಸಂಪುಟ ತೆರೆದು ಕೂರಬೇಕಾಗುತ್ತದೆ.

ಮಾಡಿ ನೋಡಲು

ರನ್ನನ ಅಜಿತಪುರಾಣ, ಶಕ 915, ವಿಜಯ. ಜನ್ನನ ಯಶೋಧರ ಚರಿತೆ, ಶಕ 1131, ಶುಕ್ಲ. ಅನಂತನಾಥ ಪುರಾಣ, ಶಕ 1152, ವಿಕೃತಿ. ಶೇಷ ಕ್ರಮವಾಗಿ 27, 3, 24 ಬರಬೇಕು, ಮೂರೂ ಗತವರ್ಷ. ರನ್ನ ಹುಟ್ಟಿದ ಸೌಮ್ಯ 43ನೆಯದು, 993ರಿಂದ ಹಿಂದಕ್ಕೆ ಎಣಿಸಿ ಅವನಿಗಾಗ ಎಷ್ಟು ವಯಸ್ಸು ಎಂದು ನೀವೇ ತೆಗೆಯಿರಿ.