ಪದ ಪರಿಚಯ: ಜಸ್ಟ್ ಇನ್ ಟೈಮ್

ನಮ್ಮ ಉತ್ತರ ಕನ್ನಡದಲ್ಲಿ ಮೇ ತಿಂಗಳು ಬಂತೆಂದರೆ ಅಟ್ಟ ತುಂಬಿಸುವ ಗಡಿಬಿಡಿ. ಕುಮಟಾದ ಸಿಹಿ ಈರುಳ್ಳಿಯ ಜಡೆಗಳು ಪಕಾಸಿಗೆ ನೇತಾಡಬೇಕು. ಒಣಮೀನು ಡಬ್ಬ ಸೇರಬೇಕು, ಕಟ್ಟಿಗೆ ಕೊಟ್ಟಿಗೆ ಸೇರಬೇಕು. ಮಳೆ ಹಿಡಿದ ಮೇಲೆ ಯಾವ ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು, ಅಲ್ವಾ?

'ಜಸ್ಟ್ ಇನ್ ಟೈಮ್' ಇದಕ್ಕೆ ಪೂರ್ತಿ ಉಲ್ಟಾ. ಬೇಕಾದ ಹೊತ್ತಿಗೆ, ಬೇಕಾದಷ್ಟೇ ತರಿಸಿಕೊಳ್ಳುವುದು ಎಂದರ್ಥ. ಜಪಾನಿನ ಟೊಯೋಟಾ ಕಂಪನಿ ಬೆಳೆಸಿದ ಪದ್ಧತಿ ಇದು. ಬಿಡಿಭಾಗಗಳನ್ನು ಪೇರಿಸಿಡುವುದಿಲ್ಲ. ಜೋಡಿಸುವ ಹೊತ್ತಿಗೆ ಸರಿಯಾಗಿ ಲಾರಿ ಬರುತ್ತದೆ. ಗೋದಾಮಿನ ಖರ್ಚು ಉಳಿಯುತ್ತದೆ. ದುಡ್ಡು ಸುಮ್ನೆ ಸರಕಿನಲ್ಲಿ ಕೂತಿರುವುದಿಲ್ಲ. ಭಾಗದಲ್ಲಿ ದೋಷವಿದ್ದರೆ ಬೇಗ ಸಿಕ್ಕಿಬೀಳುತ್ತದೆ. ಜಾಣತನದ ಪದ್ಧತಿಯೇ, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿಯೇ ಬೇರೆ ಬೇರೆ ದೇಶಗಳ ಕಾರ್ಖಾನೆಗಳೂ ಇದನ್ನು ಹಿಡಿದವು.

ಆದರೆ ಅಟ್ಟ ತೆಗೆದ ಮೇಲೆ ಅದರ ಕೆಲಸವೆಲ್ಲ ದಾರಿಯ ಮೇಲೆ ಬೀಳುತ್ತದೆ. ದಾರಿ ನಿಂತರೆ ಕೆಲಸವೂ ನಿಂತಿತು. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಬರೀ 6 ದಿನ. ನೂರಾರು ಹಡಗುಗಳು ಎರಡೂ ಕಡೆ ಕಾದು ನಿಂತವು.

ಅಷ್ಟು ದೂರ ಯಾಕೆ? 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು. ಆ ನೋವಿನ ಮುಂದೆ ಸರಕಿನ ಮಾತು ಸಣ್ಣದು, ಗೊತ್ತು. ಆದರೂ ಹೆದ್ದಾರಿ 66 ಹಲವು ದಿನ ಬಂದ್ ಆಗಿದ್ದನ್ನು ನಾವು ಮರೆಯುವಂತಿಲ್ಲ. ಕರಾವಳಿಯುದ್ದಕ್ಕೂ ಸಾಗುವ ಅಂಥ ಇನ್ನೊಂದು ಹೆದ್ದಾರಿ ನಮಗಿಲ್ಲ. ಅದಾಗಿ ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದುಬಿತ್ತು. ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಅದನ್ನು ಪರೀಕ್ಷಿಸಿ ವಾಹನ ಬಿಟ್ಟರು. ಗೋವಾದ ದಾರಿ ಉಳಿಯಿತು. ಜಾಸ್ತಿಯದು ಒಂದು ಇದ್ದರೆ ಎಷ್ಟು ವ್ಯತ್ಯಾಸ ನೋಡಿ.

ಟೊಯೋಟಾಕ್ಕೂ ಇದು ಪೆಟ್ಟು ತಿಂದೇ ಗೊತ್ತಾಯಿತು. 2011ರ ಭೂಕಂಪದಲ್ಲಿ ಅದಕ್ಕೆ ಚಿಪ್ ಕೊಡುತ್ತಿದ್ದ ಕಾರ್ಖಾನೆ ಹಾಳಾಯಿತು. ಆಮೇಲೆ ಚಿಪ್‌ಗಳನ್ನು ಕೆಲವು ತಿಂಗಳಿಗಾಗುವಷ್ಟು ಕೂಡಿಡಿ ಎಂದು ತನ್ನ ಪೂರೈಕೆದಾರರಿಗೆ ಹೇಳಿತು. 2021ರ ಶುರುವಿನಲ್ಲಿ ಚಿಪ್ ಸಿಗದೆ ಬೇರೆ ಕಂಪನಿಗಳು ಕಾರು ತಯಾರಿಕೆ ಕಡಿಮೆ ಮಾಡಿದಾಗ, ಟೊಯೋಟಾ ಇನ್ನೂ ಕೆಲವು ತಿಂಗಳು ತಡೆದುಕೊಂಡಿತು. ಜಸ್ಟ್ ಇನ್ ಟೈಮ್ ಕಲಿಸಿದವರೇ ಚಿಪ್‌ಗೆಂದು ಅಟ್ಟ ಕಟ್ಟಿಕೊಂಡಿದ್ದರು.