ಎಸ್‌ಎಲ್‌ಆರ್ ಬೋಲ್ಟ್ ಲಾಕ್ ಆಗುವುದು ಹೇಗೆ: ಎನ್‌ಸಿಸಿಯ ಸಿ ಸರ್ಟಿಫಿಕೇಟ್‌ಗೆ ಓದುವವರಿಗೆ ನನ್ನ ಟಿಪ್ಪಣಿ

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಯಾಮೆರಾದ ಎಸ್‌ಎಲ್‌ಆರ್ ಅಲ್ಲ, ಬ್ಯಾಂಕ್ ಪರೀಕ್ಷೆಯವರ ಎಸ್‌ಎಲ್‌ಆರೂ ಅಲ್ಲ. ಸೆಲ್ಫ್ ಲೋಡಿಂಗ್ ರೈಫಲ್. ಎನ್‌ಸಿಸಿ ಕ್ಯಾಂಪಿನಲ್ಲಿ ಖೋಲ್ನಾ-ಜೋಡ್ನಾ (ರೈಫಲ್ ಬಿಚ್ಚಿ ಮತ್ತೆ ಜೋಡಿಸುವುದು) ಮಾಡಿ ಮಾಡಿ ನನ್ನ ಕೈಗೆ ಎಲ್ಲ ಬಂತು, ತಲೆಗೆ ಏನೂ ಹೋಗಲಿಲ್ಲ. "ಬೋಲ್ಟ್ ಲಾಕ್ ಆಗೋದು ಹೇಗೆ?" ಅಂತ ಉಸ್ತಾದರು (ಕಲಿಸುವವರು) ಕೇಳಿದಾಗ ಸುಮ್ನೆ ನಿಂತೆ. ಬೋಲ್ಟ್ ಅಂದರೆ ಗುಂಡು ಹಾರುವಾಗ ನಳಿಕೆಯ ಹಿಂಬದಿಯನ್ನು ಮುಚ್ಚಿ ಹಿಡಿಯುವ ಉಕ್ಕಿನ ತುಂಡು. ನಿನ್ನೆ ರಾತ್ರಿ ಅರ್ಥವಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇತಿಹಾಸ ಸ್ವಲ್ಪ ಸಾಕು. ಇದರ ಮೂಲ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್. ರೂಪಿಸಿದವರು ದ್ಯೂದೊನೆ ಸೇವ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೊದಲ ಮಾದರಿ ಮಾಡಿದಾಗ ಅದಕ್ಕೆ ಹಾಕಿದ್ದು ಜರ್ಮನ್ನರ ಗಿಡ್ಡ 7.92 ಮಿ.ಮೀ. ಕಾಡತೂಸು. ಆಮೇಲೆ ಬ್ರಿಟಿಷರ .280 ಇಂಚಿನದು. ಕೊನೆಗೆ ಅಮೆರಿಕದವರು ಪಟ್ಟು ಹಿಡಿದು 7.62×51 ಅನ್ನೇ ನ್ಯಾಟೋ ಕಾಡತೂಸು ಮಾಡಿಸಿದರು. ಅಷ್ಟೆಲ್ಲ ಮಾಡಿ 1957ರಲ್ಲಿ ಅವರು ಮಾತ್ರ ತಮ್ಮದೇ ಎಂ14 ರೈಫಲ್ ಇಟ್ಟುಕೊಂಡರು! ಕಾಡತೂಸು ದೊಡ್ಡದಾದ್ದರಿಂದ ರೈಫಲ್ ಹಿಂದಕ್ಕೆ ಒದೆಯುವುದೂ ಜಾಸ್ತಿ. ಒಂದೇ ಸಮನೆ ಹಾರಿಸಿದರೆ ನಳಿಕೆ ಮೇಲಕ್ಕೆ ಏಳುತ್ತದೆ, ಗುರಿ ನಿಲ್ಲುವುದಿಲ್ಲ. ಹಾಗಾಗಿ ಬ್ರಿಟಿಷರು ಇದರಿಂದ ಮಾಡಿಕೊಂಡ ಎಲ್1ಎ1ನಲ್ಲೂ ನಮ್ಮ ಎಸ್‌ಎಲ್‌ಆರ್ ಆದ 1ಎ1ನಲ್ಲೂ ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು.

ನಮ್ಮದನ್ನು ಮಾಡಿದ್ದು ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿ. 1962ರಲ್ಲಿ ಚೀನಾ ಎದುರು ನಮ್ಮವರ ಕೈಯಲ್ಲಿದ್ದದ್ದು ತ್ರೀ ನಾಟ್ ತ್ರೀ (.303) ಎಂಬ ಹಳೆಯ ರೈಫಲ್. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಲ್ಲಿ ಎತ್ತಿ ಎಳೆಯಬೇಕು. ಎಸ್‌ಎಲ್‌ಆರ್‌ನಲ್ಲಿ ಆ ಕೆಲಸವನ್ನು ಮದ್ದು ಉರಿದು ಬರುವ ಗ್ಯಾಸ್ ಮಾಡುತ್ತದೆ. 1990ರ ದಶಕದಲ್ಲಿ ಇನ್ಸಾಸ್ ಎಂಬ ಹೊಸ ರೈಫಲ್ ಬರುವ ತನಕ ಸೇನೆಯ ಮುಖ್ಯ ರೈಫಲ್ ಇದೇ.

ಈಗ ನಾನು ಎಡವಿದ ಜಾಗ.

ಗುಂಡು ನಳಿಕೆಯಲ್ಲಿ ಮುಂದೆ ಹೋಗುವಾಗ ಹಿಂದಿನ ಗ್ಯಾಸ್ ಸ್ವಲ್ಪ ಒಂದು ತೂತಿನಿಂದ ಮೇಲೆ ಹೋಗಿ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು ತಳ್ಳುತ್ತದೆ. ಇಷ್ಟೇ ಅಂದುಕೊಂಡಿದ್ದೆ. ತಪ್ಪು! ಪಿಸ್ಟನ್ ತಳ್ಳುವುದು ಬೋಲ್ಟನ್ನಲ್ಲ, ಬೋಲ್ಟ್ ಕ್ಯಾರಿಯರನ್ನು, ಅಂದರೆ ಬೋಲ್ಟನ್ನು ಹೊತ್ತು ಹಿಂದೆ-ಮುಂದೆ ಓಡುವ ತುಂಡನ್ನು. ಬಿಚ್ಚಿ ಇಟ್ಟಾಗ ಎರಡೂ ಬೇರೆ ಬೇರೆ ಇರುತ್ತವೆ. ನಾನು ಹತ್ತು ಸಲ ಕೈಯಲ್ಲಿ ಹಿಡಿದಿದ್ದೆ, ಆದರೂ ಒಂದೇ ಸಾಮಾನು ಅಂತ ಲೆಕ್ಕ ಹಾಕಿದ್ದೆ.

ಹಳ್ಳಿಮನೆಯಲ್ಲಿ ಬಾಗಿಲಿಗೆ ಒಳಗಿನಿಂದ ಕೋಲು ಆನಿಸುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಕೋಲಿನ ಮೇಲ್ತುದಿ ಬಾಗಿಲಿಗೆ, ಕೆಳತುದಿ ನೆಲದ ಕುಳಿಗೆ. ಹೊರಗಿನಿಂದ ಎಷ್ಟು ನೂಕಿದರೂ ಕೋಲು ಇನ್ನೂ ಬಿಗಿಯುತ್ತದೆ. ತೆಗೆಯಬೇಕಾದರೆ ಒಳಗಿದ್ದವರು ಕೋಲಿನ ಬುಡ ಎತ್ತಬೇಕು. ಬೋಲ್ಟ್ ಅಂದರೆ ಈ ಕೋಲು. ಅದರ ಹಿಂಬದಿ ಕೆಳಗಿಳಿದು ರಿಸೀವರ್ (ರೈಫಲಿನ ನಡುವಿನ ಉಕ್ಕಿನ ಪೆಟ್ಟಿಗೆ) ಒಳಗಿನ ಅಡ್ಡ ಉಕ್ಕಿನ ತುಂಡಿಗೆ ಆತುಕೊಂಡು ಕೂರುತ್ತದೆ. ಆ ತುಂಡೇ ಲಾಕಿಂಗ್ ಶೋಲ್ಡರ್. ಕಾಡತೂಸಿನ ಕೇಸ್ (ಹೊರಗಿನ ಲೋಹದ ಕೊಳವೆ) ಹಿಂದಕ್ಕೆ ನೂಕುತ್ತಲೇ ಇರುತ್ತದೆ, ಬೋಲ್ಟ್ ಅಲ್ಲಾಡುವುದಿಲ್ಲ. ಬುಡ ಎತ್ತುವವನು ಕ್ಯಾರಿಯರ್.

ಮೇಜಿನ ಮೇಲೆ ಮಾಡಿ ನೋಡಿ. ರಬ್ಬರನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿಯಿರಿ. ಸ್ಕೇಲಿನ ಹಿಂದಿನ ತುದಿ ಅದಕ್ಕೆ ತಾಗುವಂತೆ ಇಟ್ಟು ಮುಂದಿನಿಂದ ನೂಕಿ. ಹೋಗಲ್ಲ. ಹಿಂದಿನ ತುದಿಯನ್ನು ರಬ್ಬರಿನಷ್ಟು ಎತ್ತರಕ್ಕೆ ಎತ್ತಿ ನೂಕಿ. ಸರ್ರನೆ ಮೇಲಿಂದ ಜಾರುತ್ತದೆ.

ಹಾಗಾದರೆ ಕ್ಯಾರಿಯರ್ ತಕ್ಷಣ ಎತ್ತಿಬಿಟ್ಟರೆ? ಗುಂಡು ನಳಿಕೆ ಬಿಡುವ ಮೊದಲೇ ಬಾಗಿಲು ತೆರೆದ ಹಾಗಾಗುತ್ತದೆ, ಬಿಸಿ ಗ್ಯಾಸೆಲ್ಲ ಮುಖಕ್ಕೆ. ಅದಕ್ಕೇ ಕ್ಯಾರಿಯರ್ ಮೊದಲ ಕೆಲವು ಮಿಲಿಮೀಟರ್ ಸುಮ್ನೆ ಹಿಂದೆ ಓಡುತ್ತದೆ, ಬೋಲ್ಟನ್ನು ಮುಟ್ಟುವುದೇ ಇಲ್ಲ. 533 ಮಿ.ಮೀ. ನಳಿಕೆ, ಸೆಕೆಂಡಿಗೆ ಸುಮಾರು 840 ಮೀಟರ್ ವೇಗ. ಗುಂಡು ಹೊರಬೀಳಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸು ಸಾಕು. ಈ ಖಾಲಿ ಓಟ ಅಷ್ಟು ಹೊತ್ತು ಕಾಯಿಸುತ್ತದೆ. ಆಮೇಲೆ ಕ್ಯಾರಿಯರ್‌ನ ಇಳಿಜಾರು ಬೋಲ್ಟಿನ ಬುಡ ಎತ್ತಿ, ಅದನ್ನೂ ಜೊತೆಗೆ ಎಳೆದುಕೊಂಡು ಹಿಂದೆ ಹೋಗುತ್ತದೆ. ಖಾಲಿ ಕೇಸ್ ಆಚೆ.

ವಾಪಸ್ ಬರುವಾಗ ಇದೇ ಆಟ ಉಲ್ಟಾ. ಬೋಲ್ಟ್ ಹೊಸ ಕಾಡತೂಸನ್ನು ಚೇಂಬರಿಗೆ (ನಳಿಕೆಯ ಹಿಂದಿನ ಗೂಡಿಗೆ) ತಳ್ಳಿ ನಿಲ್ಲುತ್ತದೆ. ಕ್ಯಾರಿಯರ್ ಮಾತ್ರ ಇನ್ನೂ ಚೂರು ಮುಂದೆ ಹೋಗಿ ಬುಡವನ್ನು ಕೆಳಗೆ ಒತ್ತುತ್ತದೆ. ನಾನು ಮಾಡಿಕೊಂಡ ಸೂತ್ರ: "ಹೊರಡುವಾಗ ಕ್ಯಾರಿಯರ್ ಮೊದಲು, ನಿಲ್ಲುವಾಗ ಕ್ಯಾರಿಯರ್ ಕೊನೆಗೆ." ಇದೊಂದು ನೆನಪಿದ್ದರೆ ಉಳಿದ ಹಂತ ತಾನಾಗೇ ಬರುತ್ತವೆ.

ಪಿಸ್ಟನ್ನಿಗೆ ಎಷ್ಟು ಗ್ಯಾಸ್ ಸಿಗಬೇಕು ಅಂತ ತಿರುಗಿಸಿ ಹೊಂದಿಸುವ ಗ್ಯಾಸ್ ರೆಗ್ಯುಲೇಟರ್ ಬಗ್ಗೆ ಒಂದೇ ಮಾತು. ಅದನ್ನು ಜಾಸ್ತಿ ತೆರೆದರೆ ಪಿಸ್ಟನ್‌ಗೆ ಶಕ್ತಿ ಜಾಸ್ತಿ ಅಂತ ನಾನು ಬರೆದಿದ್ದೆ. ಉಲ್ಟಾ. ಅದು ನಲ್ಲಿ ಅಲ್ಲ, ಪೈಪಿಗೆ ಬಿದ್ದ ತೂತು ಇದ್ದ ಹಾಗೆ. ತೆರೆದಷ್ಟೂ ಗ್ಯಾಸ್ ಹೊರಗೆ ಸೋರುತ್ತದೆ, ಪಿಸ್ಟನ್‌ಗೆ ಸಿಗುವ ಒದೆ ಕಮ್ಮಿ. ಮಣ್ಣು-ಮಸಿ ಹಿಡಿದು ರೈಫಲ್ ಸರಿಯಾಗಿ ಕೇಸ್ ಎಸೆಯದಿದ್ದರೆ ಒಂದೆರಡು ಕ್ಲಿಕ್ ಮುಚ್ಚಬೇಕು.