ಮೋಟರ್ ಚಲೋ ಐತಿ, ವಾಲ್ವ್ ನೋಡ್ರಿ

ಹಾವೇರಿ ಕಡೆ ಬಾವಿಯ ಪಂಪು ನೀರು ಎತ್ತದಿದ್ದರೆ ಮೊದಲ ಅನುಮಾನ ಮೋಟರ್ ಮೇಲೆ. ಅದನ್ನು ಬಿಚ್ಚಿ ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿಯವನು, "ಮೋಟರ್ ಚಲೋ ಐತ್ರಿ, ಫುಟ್ ವಾಲ್ವ್ ನೋಡ್ರಿ" ಅಂತಾನೆ. ಎತ್ತಿದ ನೀರು ವಾಪಸ್ ಬಾವಿಗೆ ಇಳಿಯದಂತೆ ಪೈಪಿನ ತುದಿಯಲ್ಲಿ ತಡೆಯುವ ವಾಲ್ವ್ ಅದು. ರುಮ್ಯಾಟಿಕ್ ಹೃದಯದ ಕಾಯಿಲೆಯಲ್ಲಿ ವೈದ್ಯರೂ ಬಹಳ ವರ್ಷ ಮೋಟರನ್ನೇ, ಅಂದರೆ ಹೃದಯದ ಸ್ನಾಯುವನ್ನೇ, ದೂರುತ್ತಿದ್ದರು.

ಕಾಯಿಲೆ ಶುರುವಾಗುವುದು ಗಂಟಲಲ್ಲಿ. 'ಎ' ಗುಂಪಿನ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ, 5ರಿಂದ 15 ವರ್ಷದ ಮಕ್ಕಳಲ್ಲಿ ಜಾಸ್ತಿ. ನಾಲ್ಕು ದಿನ ಗಂಟಲು ನೋವು, ಉಪ್ಪುನೀರು ಮುಕ್ಕಳಿಸಿದ್ದಾಯ್ತು, ಹುಡುಗಿ ಶಾಲೆಗೆ ಹೋದಳು. ಎರಡು ಮೂರು ವಾರ ಬಿಟ್ಟು ಜ್ವರ, ಮೊಣಕಾಲಿಗೆ ಬಾವು. ಅದು ಇಳಿಯುವಷ್ಟರಲ್ಲಿ ಮಣಿಕಟ್ಟಿಗೆ. ಆಡುವಾಗ ಬಿದ್ದಿರಬೇಕು ಎಂದು ಮನೆಯಲ್ಲಿ ಎಣ್ಣೆ ಹಚ್ಚುತ್ತಾರೆ. ಬಾವು ತಾನಾಗಿಯೇ ಹೋಗುತ್ತದೆ, ಅದೇ ಮೋಸ.

ಬ್ಯಾಕ್ಟೀರಿಯಾ ಹೃದಯಕ್ಕೆ ಹೋಗಿ ಕೂತಿರುವುದಿಲ್ಲ. ಅದರ ಮೈಮೇಲಿನ 'ಎಂ' ಪ್ರೋಟೀನಿಗೂ ನಮ್ಮ ಹೃದಯದ ಮಯೋಸಿನ್ ಪ್ರೋಟೀನಿಗೂ ಹೋಲಿಕೆ ಇದೆ. ರೋಗಾಣುವನ್ನು ಹೊಡೆಯಲು ಹೊರಟ ನಮ್ಮದೇ ರಕ್ಷಣಾ ಪಡೆ ಗುರುತು ತಪ್ಪಿ ಹೃದಯಕ್ಕೂ ಹೊಡೆಯುತ್ತದೆ. ಹೊರ ಪೊರೆ, ಸ್ನಾಯು, ಒಳಗಿನ ವಾಲ್ವ್, ಮೂರಕ್ಕೂ ಉರಿಯೂತ.

1904ರಲ್ಲಿ ಲುಡ್ವಿಗ್ ಆಶಾಫ್ ಅನ್ನುವ ಜರ್ಮನ್ ವಿಜ್ಞಾನಿ ಇಂಥ ಹೃದಯಗಳ ಸ್ನಾಯುವಿನಲ್ಲಿ ಪುಟ್ಟ ಗಂಟುಗಳನ್ನು ಕಂಡರು. ಹಾಗಾಗಿ ಮಗುವಿಗೆ ದಮ್ಮು ಹತ್ತಿ, ಕಾಲು ಊದಿ, ಹೃದಯ ಸೋತರೆ 'ಸ್ನಾಯುವಿಗೆ ಉರಿಯೂತ, ಅದಕ್ಕೇ ಹಿಂಡುವ ಶಕ್ತಿ ಇಲ್ಲ' ಎಂದು ನಂಬಿದ್ದು ಸಹಜವೇ.

ಶಬ್ದದ ಅಲೆಯಿಂದ ಹೃದಯ ಬಡಿಯುವುದನ್ನು ತೋರಿಸುವ ಎಕೋ ಸ್ಕ್ಯಾನ್ ಬಂದ ಮೇಲೆ ಬೇರೆಯೇ ಕಂಡಿತು. ಏದುಸಿರು ಬಿಡುತ್ತಿದ್ದ ಮಕ್ಕಳ ಹೃದಯ ಹೆಚ್ಚಾಗಿ ಚೆನ್ನಾಗಿಯೇ ಹಿಂಡುತ್ತಿತ್ತು. ಸ್ನಾಯುವಿನ ಕೋಶ ಸತ್ತರೆ ರಕ್ತದಲ್ಲಿ ಟ್ರೋಪೊನಿನ್ ಅನ್ನುವ ಪ್ರೋಟೀನ್ ಏರಬೇಕು, ಅಷ್ಟಾಗಿ ಏರಿರಲಿಲ್ಲ. ಕೆಟ್ಟಿದ್ದು ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್. ಅದರ ಬಾಯಿ ಹಿಗ್ಗಿ, ಹಿಡಿದಿಟ್ಟ ದಾರಗಳು ಉದ್ದವಾಗಿ, ಎಸಳುಗಳು ಕೂಡುತ್ತಿರಲಿಲ್ಲ. ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ವಾಪಸ್ ಶ್ವಾಸಕೋಶದ ಕಡೆಗೆ! ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನ್ನಿಸುವುದು ಆಪರೇಷನ್. ಉರಿಯೂತ ಇನ್ನೂ ಇರುವಾಗಲೇ ವಾಲ್ವ್ ಸರಿಮಾಡಿದರೆ ಅಥವಾ ಬದಲಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ. ಸ್ನಾಯುವೇ ಸೋತಿದ್ದರೆ ಇದು ಆಗುತ್ತಿತ್ತಾ? ಹಾಗಂತ ಸ್ನಾಯುವಿಗೆ ಏನೂ ಆಗುವುದಿಲ್ಲ ಅಂತಲ್ಲ. ಸೋರುವ ವಾಲ್ವ್ ಜೊತೆ ವರ್ಷಗಟ್ಟಲೆ ದುಡಿದರೆ ಅದೂ ದಣಿಯುತ್ತದೆ.

ಉರಿಯೂತ ಇಳಿಸುವ ಸ್ಟೀರಾಯ್ಡ್ ಕೊಟ್ಟರೆ ವಾಲ್ವ್ ಉಳಿಯುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಉಳಿಸುವುದು ಮತ್ತೆ ಗಂಟಲು ಸೋಂಕು ಆಗದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಚುಚ್ಚುವ ಪೆನಿಸಿಲಿನ್. ದೊಡ್ಡವರಿಗೆ 12 ಲಕ್ಷ ಯೂನಿಟ್. ಸಿಕ್ಕಾಪಟ್ಟೆ ನೋಯುತ್ತದೆ. ಹಳ್ಳಿಯಿಂದ ಬಸ್ ಹಿಡಿದು ಗದಗಕ್ಕೋ ಹುಬ್ಬಳ್ಳಿಗೋ ಬಂದು ವರ್ಷಗಟ್ಟಲೆ ಅದನ್ನು ಚುಚ್ಚಿಸಿಕೊಳ್ಳಬೇಕು. ಕೀಲು ನೋವು ಹೋದ ಮೇಲೆ ಯಾಕೆ ಅಂತ ಬಿಟ್ಟುಬಿಡುತ್ತಾರೆ.

ಮತ್ತೆ ಮತ್ತೆ ಪೆಟ್ಟು ತಿಂದ ವಾಲ್ವ್ ಗಡುಸಾಗಿ, ಎಸಳುಗಳು ಅಂಟಿ, ಬಾಯಿ ಕಿರಿದಾಗುತ್ತದೆ. ಸುಮ್ನೆ ಇದ್ದಾಗ ಗೊತ್ತಾಗುವುದೇ ಇಲ್ಲ. ಹುಡುಗಿ ದೊಡ್ಡವಳಾಗಿ ಬಸುರಿಯಾದಾಗ ಮೈಯಲ್ಲಿ ರಕ್ತ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಆಗ ಮೆಟ್ಟಿಲು ಹತ್ತಲೂ ಉಸಿರಿಲ್ಲ. ಎಕೋ ನೋಡಿದ ಡಾಕ್ಟರು ಜೊತೆಗೆ ಬಂದ ತಾಯಿಯನ್ನು ಕೇಳುತ್ತಾರೆ, "ಸಣ್ಣಾಕಿ ಇದ್ದಾಗ ಮೊಣಕಾಲು ಬಾತಿದ್ವೇನವ್ವಾ?"

"ಹೌದ್ರಿ, ಎಣ್ಣಿ ಹಚ್ಚಿದ್ವಿ."